ನಕ್ಷೆ ಸಾರ್ವಜನಿಕರದು, ಗೆರೆ ಯಾರದು?

ಮಧುಗಿರಿಯ ಏಕಶಿಲಾ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 3,930 ಅಡಿ. ತೋವಿನಕೆರೆಯವರು ಸಿದ್ಧರಬೆಟ್ಟದ ಗುರುತಿನಿಂದಲೇ ದಿಕ್ಕು ಹೇಳಬಲ್ಲರು. ಮೋಡ ಕವಿದ ದಿನ ಈ ಸೀಮೆಯ ಮೇಲೆ ಸಣ್ಣ ವಿಮಾನ ಹಾರಿಸುವವರಿಗೆ ಆ ಬೆಟ್ಟಗಳು ಕಾಣುವುದಿಲ್ಲ, ನಕ್ಷೆಯಲ್ಲಿರುವ ಎತ್ತರದ ಅಂಕಿಯನ್ನೇ ನಂಬಬೇಕು.

ಅಂಥ ನಕ್ಷೆಗೊಂದು ಉದಾಹರಣೆ ನೋಡಿ: ಅಮೆರಿಕದ ಪೈಲಟ್‌ಗಳು ಹೆಚ್ಚಾಗಿ ಬಳಸುವ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಐದು ಕಿಲೋಮೀಟರ್. ಅದರ ಒಂದೊಂದು ಚೌಕದಲ್ಲೂ ದಪ್ಪನೆಯ ಅಂಕಿಯೊಂದಿರುತ್ತದೆ. ದೊಡ್ಡ 4, ಪಕ್ಕದಲ್ಲಿ ಚಿಕ್ಕ 3 ಇದ್ದರೆ 4,300 ಅಡಿ. ಆ ಚೌಕದ ಗುಡ್ಡ, ಗೋಪುರಗಳೆಲ್ಲ ಅದಕ್ಕಿಂತ ಕೆಳಗೇ ಇವೆ ಎಂದರ್ಥ. ಈ ನಕ್ಷೆಗಳನ್ನು ಅಲ್ಲಿನ ಸರ್ಕಾರ ತೆರಿಗೆ ಹಣದಲ್ಲಿ ತಯಾರಿಸುತ್ತದೆ. ಯಾರು ಬೇಕಾದರೂ ಬಳಸಬಹುದು.

ರನ್‌ವೇಫೈಂಡರ್ ಎಂಬ ಉಚಿತ ಸೇವೆ ಅದನ್ನೇ ಮಾಡುತ್ತಿತ್ತು. ಹೊರಡುವ ಊರು, ತಲುಪುವ ಊರು ಹೇಳಿದರೆ ನಕ್ಷೆಯ ಮೇಲೆ ಹಾರಾಟದ ಗೆರೆ ಮೂಡುತ್ತಿತ್ತು. 2009ರ ಡಿಸೆಂಬರ್‌ನಲ್ಲಿ ಫ್ಲೈಟ್‌ಪ್ರೆಪ್ ಎಂಬ ಕಂಪನಿಗೆ ಅಂತರ್ಜಾಲದಲ್ಲಿ ಪ್ರಯಾಣದ ಯೋಜನೆ ರೂಪಿಸುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. ತನ್ನ ಹಕ್ಕು 2001ರಿಂದಲೇ ಲೆಕ್ಕಕ್ಕೆ ಬರುತ್ತದೆ ಎಂದು ಕಂಪನಿ ವಾದಿಸಿತು. ಮರುವರ್ಷ ರನ್‌ವೇಫೈಂಡರ್ ಮೇಲೆ ಮೊಕದ್ದಮೆ ಬಿತ್ತು. ಅಂಥದೇ ಸೇವೆಗಳ ಪೈಕಿ ಸ್ಕೈವೆಕ್ಟರ್ ಫ್ಲೈಟ್‌ಪ್ರೆಪ್‌ನಿಂದ ಲೈಸೆನ್ಸ್ ಪಡೆದು ಉಳಿಯಿತು. ನ್ಯಾವ್‌ಮಾನ್‌ಸ್ಟರ್ ಬಾಗಿಲು ಹಾಕಿತು, ಕೊನೆಗೆ ರನ್‌ವೇಫೈಂಡರ್ ಕೂಡ. ಪೈಲಟ್‌ಗಳು ಸಿಟ್ಟಿಗೆದ್ದರು. ಅವರ ಸಿಟ್ಟು ನ್ಯಾಯವಾದದ್ದೇ ಎಂದು ನನ್ನ ಭಾವನೆ.

ಪೇಟೆಂಟ್ ಇದ್ದದ್ದು ನಕ್ಷೆಗಲ್ಲ, ವಿಧಾನಕ್ಕೆ. ಇದನ್ನು ಕಂಪನಿಯ ಪರವಾಗಿಯೂ ಹೇಳಲೇಬೇಕು. ಆದರೆ ಕಾಗದದ ನಕ್ಷೆಯ ಮೇಲೆ ಸ್ಕೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆಯುವುದನ್ನು ಪೈಲಟ್‌ಗಳು ತರಬೇತಿಯಲ್ಲೇ ಕಲಿಯುತ್ತಾರೆ. ಅದೇ ಕೆಲಸವನ್ನು ದೂರದ ಕಂಪ್ಯೂಟರಿಗೆ ಒಪ್ಪಿಸಿದಾಗ ಅದರಲ್ಲಿ ಹೊಸ ಆವಿಷ್ಕಾರ ಎಷ್ಟಿದೆ? ಪೇಟೆಂಟ್ ಪರೀಕ್ಷಕರು ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳದಿದ್ದರೆ ಪೆಟ್ಟು ಬೀಳುವುದು ವಕೀಲರಿಗೆ ಹಣ ಸುರಿಯಲಾಗದ ಸಣ್ಣವರಿಗೆ.

ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಮಿನ ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ, ಅಲ್ಗಾರಿದಮ್‌ಗೂ ಇಲ್ಲ. ಆದರೂ ತಾಂತ್ರಿಕ ಪರಿಣಾಮ ತೋರಿಸಿದ ಅರ್ಜಿಗಳು ಪಾಸಾಗುವುದುಂಟು, ಹಾಗಾಗಿ ಎಚ್ಚರ ಬೇಕು. ಅದಕ್ಕೂ ಕಾಯ್ದೆಯಲ್ಲೇ ದಾರಿಯಿದೆ: ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಮಂಜೂರಾಗುವ ಮುನ್ನ, ಯಾರು ಬೇಕಾದರೂ ಲಿಖಿತ ಆಕ್ಷೇಪ ಸಲ್ಲಿಸಬಹುದು. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಿರುವ ಕೊರಟಗೆರೆ, ಶಿರಾ, ಪಾವಗಡದ ಹುಡುಗ ಹುಡುಗಿಯರು ತಮ್ಮ ಕ್ಷೇತ್ರದ ಅರ್ಜಿಗಳ ಮೇಲೆ ಈಗಿನಿಂದಲೇ ಕಣ್ಣಿಡಬೇಕು.