ಒಳಚಾವಣಿಯ ದೀಪಗಳು: ತಂತಿಯ ಸಂಧಿಯೂ ಅದರ ಪೆಟ್ಟಿಗೆಯೂ

ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತೆಂಬುದು ಸರ್ವವಿದಿತವಾದ ಸಂಗತಿ. ಬೀದಿಯಿಂದ ಮನೆಯೊಳಕ್ಕೆ ಬಂದ ಮೇಲೆಯೂ ಬಹುಕಾಲ ಅದರ ದಾರಿ ಎಲ್ಲರ ಕಣ್ಣಿಗೆ ಕಾಣುವಂತಿತ್ತು. ಗೋಡೆಯ ಮೇಲೆ ಮರದ ಪಟ್ಟಿ, ಪಟ್ಟಿಯ ಮೇಲೆ ತಂತಿ, ಮಾಳಿಗೆಯ ಕೆಳಗೆ ದುಂಡನೆಯ ಸೀಲಿಂಗ್ ರೋಸು, ಅದರಿಂದ ಇಳಿಬಿದ್ದ ದೀಪ. ದೀಪ ಕೆಟ್ಟರೆ ಏಣಿ ಹತ್ತಿ, ಮುಚ್ಚಳ ತಿರುಗಿಸಿ, ಸಂಧಿಯನ್ನು ನೋಡಿದರಾಯಿತು.

ಈಗಲಾದರೋ ಅಭಿರುಚಿ ಬದಲಾಗಿದೆ. ಫಾಲ್ಸ್ ಸೀಲಿಂಗ್ ಎಂದು ಕರೆಯುವ ಜಿಪ್ಸಮ್ ಹಲಗೆಯ ಒಳಚಾವಣಿಯಲ್ಲಿ ದುಂಡು ರಂಧ್ರಗಳನ್ನು ಕೊರೆದು ಎಲ್‌ಇಡಿ ದೀಪಗಳನ್ನು ಹುದುಗಿಸುತ್ತೇವೆ. ತಂತಿ, ಸಂಧಿ, ಪೆಟ್ಟಿಗೆ ಎಲ್ಲವೂ ಹಲಗೆಯ ಮೇಲೆ ಮರೆಯಾಗುವುವು. ಅಂದವು ಹೆಚ್ಚಿತು, ನಿಜ. ಆದರೆ ಕಾಣದ ವಸ್ತುವನ್ನು ನಾವು ಮರೆಯುವೆವು, ಮರೆತದ್ದು ಕೆಡುವುದು.

ಇದನ್ನು ನಾವು ಸ್ವಂತ ಮನೆಯಲ್ಲಿಯೇ ಕಲಿಯಬೇಕಾಯಿತು. ಹಜಾರದ ಆರು ದೀಪಗಳಲ್ಲಿ ನಾಲ್ಕನೆಯದರಿಂದ ಮುಂದಿನವು ಒಂದು ಸಂಜೆ ಮಿನುಗತೊಡಗಿದುವು. ಹೊಸ ದೀಪ ಹಾಕಿದರೂ ಗುಣವಾಗಲಿಲ್ಲ. ಸಂಧಿಯು ರಂಧ್ರದಿಂದ ಎರಡು ಅಡಿ ದೂರದಲ್ಲಿ, ಕೈಗೆಟುಕದ ಕಡೆ ಇತ್ತು. ಕಡೆಗೆ ಹಲಗೆಯನ್ನು ಕೊಯ್ದು ನೋಡಲಾಗಿ, ಬರಿಗೈಯಲ್ಲಿ ಹೊಸೆದು ಇನ್ಸುಲೇಷನ್ ಟೇಪು ಸುತ್ತಿದ ಗಂಟೊಂದು ಕಾಣಿಸಿತು. ಟೇಪಿನ ಅಂಟು ಕರಗಿ ಸರಿದಿತ್ತು. ತಂತಿಯ ಹೊದಿಕೆ ಕಂದಾಗಿತ್ತು. ಪೆಟ್ಟಿಗೆಯೇ ಇರಲಿಲ್ಲ. ತಪ್ಪು ಕೆಲಸಗಾರನೊಬ್ಬನದೇ ಎನ್ನಲಾರೆವು. ದೀಪದ ಬಣ್ಣವನ್ನು ಕುರಿತು ಮೂರು ದಿನ ಚರ್ಚಿಸಿದ ನಾವು, ಸಂಧಿ ಎಲ್ಲಿ ಬರುವುದೆಂದು ಒಂದು ಮಾತೂ ಕೇಳಿರಲಿಲ್ಲ.

ಮುಖ್ಯ ಫಲಕದಲ್ಲಿ ಎಂಸಿಬಿ ಇದ್ದರೂ ಅದೇಕೆ ಎಚ್ಚರಿಸಲಿಲ್ಲವೆಂದು ಕೇಳಬಹುದು. ಎಂಸಿಬಿಯು ಪ್ರವಾಹ ಮಿತಿಮೀರಿದರೆ ಬೀಳುವುದು. ಆರ್‌ಸಿಸಿಬಿಯು ಪ್ರವಾಹ ಭೂಮಿಗೆ ಸೋರಿದರೆ ಬೀಳುವುದು. ಸಡಿಲವಾದ ಸಂಧಿಯಲ್ಲಿ ಪ್ರವಾಹ ಹೆಚ್ಚುವುದೂ ಇಲ್ಲ, ಸೋರುವುದೂ ಇಲ್ಲ. ಆದಕಾರಣ ಕಾವಲುಗಾರರಿಬ್ಬರೂ ಸುಮ್ಮನಿರುವರು. ಅಲ್ಲಿ ಹೆಚ್ಚುವುದು ರೋಧ. ರೋಧದಿಂದ ಹುಟ್ಟುವುದು ಉಷ್ಣ.

ಈ ಉಷ್ಣವು ಪ್ರವಾಹದ ವರ್ಗವನ್ನನುಸರಿಸಿ ಏರುವುದೆಂಬುದು ಜೂಲ್ ಮಹಾಶಯನು 1841ರಲ್ಲಿ ಪ್ರಕಟಿಸಿದ ನಿಯಮ. ಹನ್ನೆರಡು ವಾಟಿನ ಹತ್ತು ದೀಪಗಳು 230 ವೋಲ್ಟಿನಲ್ಲಿ ಸುಮಾರು ಅರ್ಧ ಆಂಪಿಯರನ್ನು ಎಳೆಯುವುವು. ಸಡಿಲ ಸಂಧಿಯ ರೋಧ ಒಂದು ಓಮ್ ಎಂದಿಟ್ಟುಕೊಂಡರೆ ಅಲ್ಲಿ ಹುಟ್ಟುವ ಉಷ್ಣ ಕಾಲು ವಾಟು ಮಾತ್ರ. ಆದರೆ ಅದೇ ತಂತಿಯಿಂದ ಫ್ಯಾನುಗಳಿಗೂ ಒಂದು ಪ್ಲಗ್ಗಿಗೂ ಕವಲು ತೆಗೆದು ಪ್ರವಾಹವು ನಾಲ್ಕು ಆಂಪಿಯರಿಗೆ ಏರಿತೆನ್ನಿ. ಪ್ರವಾಹ ಎಂಟು ಪಾಲಾದರೆ ಉಷ್ಣ ಅರುವತ್ತನಾಲ್ಕು ಪಾಲು: ಹದಿನಾರು ವಾಟು! ಇಪ್ಪತ್ತೈದು ವಾಟಿನ ಬೆಸುಗೆಯ ಸಲಾಕೆಯು ಸೀಸವನ್ನು ಕರಗಿಸುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆಯ ತಂತಿಯಾದರೋ ನಿರಂತರವಾಗಿ ತಡೆಯತಕ್ಕ ಶಾಖ 70 ಡಿಗ್ರಿ ಸೆಂಟಿಗ್ರೇಡ್ ಮಾತ್ರ. ಹೆಬ್ಬೆರಳಷ್ಟು ಜಾಗದಲ್ಲಿ, ಗಾಳಿಯಾಡದ ಮರೆಯಲ್ಲಿ, ಇದರ ಪರಿಣಾಮವನ್ನು ಕೇಳುಗರೇ ಊಹಿಸಬಹುದು.

ಇನ್ನು ಕನೆಕ್ಟರುಗಳ ವಿಚಾರ. ಅಂಗಡಿಯಲ್ಲಿ ದೊರೆಯುವುವುಗಳಲ್ಲಿ ಮುಖ್ಯವಾದುವು ಮೂರು ಬಗೆ. ಮೊದಲನೆಯದು ತಿರುಪಿನದು, ಹಿತ್ತಾಳೆಯ ಕೊಳವೆಯಲ್ಲಿ ತಂತಿಯಿಟ್ಟು ತಿರುಪು ಬಿಗಿಯುವುದು. ಇದು ಅಗ್ಗ, ಒಳ್ಳೆಯದೂ ಹೌದು. ಆದರೆ ನಮ್ಮ ಮನೆಗಳ ತಂತಿ ಸಾಮಾನ್ಯವಾಗಿ ಹಲವು ಎಳೆಗಳದು. ತಿರುಪಿನ ಮೊನೆ ಎಳೆಗಳನ್ನು ಚದರಿಸುವುದು, ಕೆಲವನ್ನು ಕತ್ತರಿಸುವುದು. ಆದುದರಿಂದ ತುದಿಗೆ ಫೆರೂಲ್ ಎಂಬ ತವರಲೇಪದ ಪುಟ್ಟ ಕೊಳವೆಯನ್ನು ತೊಡಿಸಿ ಒತ್ತಿ, ಬಳಿಕ ಬಿಗಿಯತಕ್ಕದ್ದು. ತುದಿಗೆ ಬೆಸುಗೆ ಹಾಕಿ ತಿರುಪಿನಡಿ ಇಡುವ ಪದ್ಧತಿ ಸಲ್ಲದು. ಬೆಸುಗೆಯ ಲೋಹ ಒತ್ತಡಕ್ಕೆ ಮೆಲ್ಲಮೆಲ್ಲನೆ ಸರಿದು ಸಂಧಿ ತಾನಾಗಿ ಸಡಿಲುವುದು.

ಎರಡನೆಯದು ತಂತಿಯನ್ನು ಸುಮ್ಮನೆ ಒಳಕ್ಕೆ ತಳ್ಳುವ ಸ್ಪ್ರಿಂಗಿನದು. ಇದು ಹೆಚ್ಚಾಗಿ ಒಂದೇ ಗಟ್ಟಿ ಎಳೆಯ ತಂತಿಗೆ ತಕ್ಕುದು. ಮೆತ್ತನೆಯ ಎಳೆಗಳು ಒಳಗೆ ಮಡಚಿಕೊಳ್ಳುವುವು. ಮೂರನೆಯದು ಸನ್ನೆಯದು. ಪುಟ್ಟ ಸನ್ನೆಯನ್ನೆತ್ತಿ, ತಂತಿಯಿಟ್ಟು, ಅದುಮಿದರೆ ಸ್ಪ್ರಿಂಗು ಎಲ್ಲ ಎಳೆಗಳನ್ನೂ ಸಮನಾಗಿ ಹಿಡಿಯುವುದು. ಬೇಕಾದಾಗ ಬಿಚ್ಚಲೂ ಬಹುದು. ದೀಪದ ಡ್ರೈವರಿನ ಸಣ್ಣ ತಂತಿಗೂ ಮನೆಯ 1.5 ಚದರ ಮಿಲಿಮೀಟರಿನ ತಂತಿಗೂ ಸಂಬಂಧ ಕಲ್ಪಿಸಬೇಕಾದ ಈ ಕೆಲಸಕ್ಕೆ ಇದೇ ಲೇಸೆಂದು ನಮ್ಮ ಅಭಿಪ್ರಾಯ. ಎಷ್ಟು ಉದ್ದ ಹೊದಿಕೆ ಸುಲಿಯಬೇಕೆಂಬುದನ್ನು ಅದರ ಮೈಮೇಲೆಯೇ ಗುರುತಿಸಿರುವರು. ಆ ಅಳತೆಯನ್ನು ಮೀರಬಾರದು. ತಾಮ್ರವನ್ನೂ ಅಲ್ಯುಮಿನಿಯಮನ್ನೂ ನೇರವಾಗಿ ಹೊಸೆಯುವುದು ಯಾವ ಬಗೆಯಲ್ಲಿಯೂ ಕೂಡದು.

ಪೆಟ್ಟಿಗೆಯ ಗಾತ್ರಕ್ಕೆ ಅಮೆರಿಕದವರದೊಂದು ಲೆಕ್ಕವಿದೆ. ನಮ್ಮ ದೀಪದ ತಂತಿಗಿಂತ ತುಸು ದಪ್ಪನೆಯ 14ನೆಯ ಗೇಜಿನ ಪ್ರತಿಯೊಂದು ತಂತಿಗೂ ಎರಡು ಘನ ಅಂಗುಲ, ಎಂದರೆ ಸುಮಾರು 33 ಘನ ಸೆಂಟಿಮೀಟರ್ ಅವಕಾಶವಿರಬೇಕು. ಇದು ನಮ್ಮಲ್ಲಿ ಶಾಸನವಲ್ಲದಿದ್ದರೂ ಅಂದಾಜಿಗೆ ಒಳ್ಳೆಯದು. ಬರುವ ತಂತಿ ಎರಡು, ಮುಂದಿನ ದೀಪಕ್ಕೆ ಹೋಗುವುವು ಎರಡು, ಈ ದೀಪಕ್ಕೆ ಎರಡು, ಅರ್ತಿಂಗಿನ ತಂತಿಗಳೆಲ್ಲ ಸೇರಿ ಒಂದು: ಒಟ್ಟು ಏಳು. ಬೇಕಾದ ಅವಕಾಶ 231 ಘನ ಸೆಂಟಿಮೀಟರ್. ಅಗಲ 75, ಆಳ 50 ಮಿಲಿಮೀಟರಿನ ದುಂಡು ಪೆಟ್ಟಿಗೆಯಲ್ಲಿರುವುದು 221, ಸಾಲದು. ಅದೇ ಅಳತೆಯ ಚೌಕ ಪೆಟ್ಟಿಗೆಯಲ್ಲಿ 281, ಸಾಕು. ತುರುಕಿದ ತಂತಿಯು ಮುಚ್ಚಳ ಹಾಕುವಾಗಲೇ ಸಂಧಿಯನ್ನು ಎಳೆದು ಸಡಿಲಿಸುವುದರಿಂದ ಈ ಲೆಕ್ಕ ವ್ಯರ್ಥವಲ್ಲ.

ಪೆಟ್ಟಿಗೆ ಲೋಹದ್ದಾದರೆ ಅದಕ್ಕೂ ಅರ್ತಿಂಗ್ ಕೊಡಬೇಕು. ತಂತಿ ನುಗ್ಗುವ ರಂಧ್ರದ ಅಂಚಿಗೆ ರಬ್ಬರಿನ ಬಳೆ ತೊಡಿಸಬೇಕು. ಬಚ್ಚಲುಮನೆಯಲ್ಲಾದರೆ ನೀರಹನಿ ತಡೆಯುವ, ಐಪಿ ಅಂಕೆ ಗುರುತಿಸಿದ ಪೆಟ್ಟಿಗೆಯನ್ನು ಕೊಳ್ಳಬೇಕು. ಡ್ರೈವರಿನಿಂದ ದೀಪಕ್ಕೆ ಹೋಗುವ ಕಡಿಮೆ ವೋಲ್ಟಿನ ತಂತಿಯನ್ನು 230 ವೋಲ್ಟಿನ ಪೆಟ್ಟಿಗೆಯಲ್ಲಿ ಬೆರೆಸಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಪೆಟ್ಟಿಗೆಯ ಸ್ಥಳ. ದೀಪವನ್ನು ಕೆಳಕ್ಕೆ ಸೆಳೆದರೆ ಅದರ ರಂಧ್ರವೇ ನಮಗೆ ಬಾಗಿಲು. ರಂಧ್ರ ಅಗಲವಾಗಿದ್ದರೆ ಕೈಗೆಟುಕುವಂತೆ ಪಕ್ಕದಲ್ಲಿಯೇ ಪೆಟ್ಟಿಗೆಯನ್ನು ಬಿಗಿಯಬಹುದು. 75 ಮಿಲಿಮೀಟರಿನ ರಂಧ್ರದಲ್ಲಿ ಬೆರಳುಗಳು ಮಾತ್ರ ಹೋಗುವುವು. ಅಂತಹ ಕಡೆ ರಂಧ್ರದಲ್ಲಿ ತೂರುವ, ತಂತಿಯನ್ನು ಕಚ್ಚಿ ಹಿಡಿಯುವ ನೀಳವಾದ ಪೆಟ್ಟಿಗೆಯನ್ನಿಟ್ಟು, ಕೆಳಕ್ಕೆಳೆದು ನೋಡುವಷ್ಟು ತಂತಿಯನ್ನು ಸಡಿಲ ಬಿಡತಕ್ಕದ್ದು. ಎರಡೂ ಸಾಧ್ಯವಿಲ್ಲದಿದ್ದರೆ ಒಳಚಾವಣಿಯಲ್ಲೊಂದು ಪುಟ್ಟ ಕದವನ್ನೇ ಇಡಿಸಬೇಕು.

ಇದೆಲ್ಲ ಪರವಾನಗಿಯುಳ್ಳ ವೈರ್‌ಮನ್ನನ ಕೆಲಸ, ಮೇನ್ ಸ್ವಿಚ್ಚನ್ನು ಆರಿಸಿಯೇ ಮಾಡತಕ್ಕ ಕೆಲಸ. ಮನೆಯವರ ಕರ್ತವ್ಯ ಇಷ್ಟೆ: ಹಲಗೆ ಮುಚ್ಚುವ ಮುನ್ನ ಏಣಿ ಹತ್ತಿ ಪ್ರತಿಯೊಂದು ಸಂಧಿಯನ್ನೂ ಒಮ್ಮೆ ಕಂಡು, "ನಾಳೆ ಇದನ್ನು ಮುಟ್ಟುವ ದಾರಿ ಯಾವುದಪ್ಪಾ?" ಎಂದು ಕೇಳುವುದು. ಅದಕ್ಕೆ ಉತ್ತರ ದೊರೆತ ಮೇಲೆ ಹಲಗೆಯನ್ನು ಮುಚ್ಚಿಸಬಹುದು. ನಮ್ಮ ಹಜಾರದ ಒಳಚಾವಣಿಯಲ್ಲಿ ಕೊಯ್ದ ಗುರುತು ಬಣ್ಣದಡಿಯಲ್ಲಿಯೂ ಇನ್ನೂ ಕಾಣುತ್ತಿದೆ; ಕೇಳದೆ ಹೋದ ಪ್ರಶ್ನೆಯ ಬೆಲೆ ಅದು.