ಹುಟ್ಟೂರಿನ ಚೀಟಿಯೂ ಧ್ವನಿಯ ಗುಣವೂ

ನಮ್ಮ ಹಿರಿಯರು ಕಡಲಾಚೆಯಿಂದ ಬಂದ ಸರಕುಗಳ ಹೆಸರಿಗೆ ‘ಸೀಮೆ’ ಎಂಬ ಮಾತನ್ನು ಸೇರಿಸುತ್ತಿದ್ದರು. ಸೀಮೆಎಣ್ಣೆ, ಸೀಮೆಸುಣ್ಣ ಎಂಬ ಹೆಸರುಗಳು ಇಂದಿಗೂ ನಮ್ಮ ಬಾಯಲ್ಲಿವೆ. ಆ ಮಾತು ವಸ್ತುವಿನ ಹುಟ್ಟೂರನ್ನು ತಿಳಿಸುವುದರೊಡನೆ ಅದಕ್ಕೊಂದು ಬೆಲೆಯನ್ನೂ ಕಟ್ಟುತ್ತಿತ್ತು. ಈ ಅಭ್ಯಾಸವು ಇನ್ನೂ ಅಳಿದಿಲ್ಲವೆಂಬುದು, ನಮ್ಮ ಶಾಲೆಯ ಪ್ರಾರ್ಥನಾ ಮಂದಿರಕ್ಕೆ ಸ್ಪೀಕರನ್ನು ಕೊಳ್ಳಬೇಕಾಗಿ ಬಂದಾಗ ನಮಗೆ ಚೆನ್ನಾಗಿ ತಿಳಿದುಬಂತು. ಅಂಗಡಿಯವರು ಎರಡನ್ನು ಪರೀಕ್ಷೆಗೆಂದು ಕಳುಹಿಸಿದ್ದರು. ಒಂದು ಜರ್ಮನಿಯಲ್ಲಿ ಮಾಡಿದುದು, ಮತ್ತೊಂದು ಚೀನಾದಲ್ಲಿ ಮಾಡಿದುದು. ಹಿಂಬದಿಯ ಚೀಟಿಯನ್ನು ಓದಿದ ಮಾತ್ರಕ್ಕೆ, ಒಂದು ಸ್ವರವನ್ನೂ ಕೇಳದೆ, ಅಧ್ಯಾಪಿಕೆಯರೆಲ್ಲರೂ ಮೊದಲನೆಯದೇ ಉತ್ತಮವೆಂದರು. ನಾವೂ ಹಾಗೆಯೇ ಎಣಿಸಿದೆವು.

ದೇಶದ ಹೆಸರು ಹೀಗೆ ಗುಣದ ಮುದ್ರೆಯಾಗುವುದು ಹೇಗೆ? ಮೊದಲು ಜರ್ಮನಿಯ ಕಥೆಯನ್ನೇ ನೋಡೋಣ. ಪರದೇಶದ ಅಗ್ಗದ ಸರಕು ಸ್ವದೇಶದ ಸರಕಿನ ವೇಷದಲ್ಲಿ ಮಾರಾಟವಾಗಬಾರದೆಂದು ಬ್ರಿಟನ್ನಿನ ಪಾರ್ಲಿಮೆಂಟು 1887ರಲ್ಲಿ ಒಂದು ಶಾಸನವನ್ನು ಮಾಡಿತು. ‘ಮೇಡ್ ಇನ್ ಜರ್ಮನಿ’ ಎಂಬ ಬರಹವು ಆಗ ಕೊಳ್ಳುವವರಿಗೆ ಎಚ್ಚರಿಕೆಯ ಗುರುತಾಗಿತ್ತು. ಜರ್ಮನಿಯ ಕೆಲಸವು ಸುಧಾರಿಸುತ್ತ ಹೋದಂತೆ ಅದೇ ಗುರುತು ಹೊಗಳಿಕೆಯಾಗಿ ಮಾರ್ಪಟ್ಟಿತು.

ಜಪಾನಿನ ಕಥೆಯು ಇದಕ್ಕಿಂತಲೂ ಬೋಧಪ್ರದವಾದುದು. ಮಸಾರು ಇಬುಕ, ಅಕಿಯೊ ಮೊರಿಟ ಎಂಬವರು 1946ರಲ್ಲಿ ಟೋಕಿಯೋ ನಗರದಲ್ಲಿ ಒಂದು ಚಿಕ್ಕ ಕಂಪೆನಿಯನ್ನು ತೆರೆದರು. ಅದೇ 1958ರಲ್ಲಿ ಸೋನಿ ಎಂಬ ಹೆಸರನ್ನು ತಳೆಯಿತು. ಟ್ರಾನ್ಸಿಸ್ಟರು 1947ರಲ್ಲಿ ಅಮೆರಿಕೆಯಲ್ಲಿ ಹುಟ್ಟಿದ್ದರೂ ಇವರು 1955ರಲ್ಲಿ ಅದರಿಂದ ತಮ್ಮ ಮೊದಲನೆಯ ಸಣ್ಣ ರೇಡಿಯೋವನ್ನು ಮಾಡಿ ಮಾರಿದರು. ಆದರೆ ಆ ಕಾಲದಲ್ಲಿ ಜಪಾನಿನ ಸರಕೆಂದರೆ ಕಾಗದದ ಕೊಡೆ, ಅಗ್ಗದ ಆಟಿಕೆ ಎಂದೇ ಪಾಶ್ಚಾತ್ಯರ ಭಾವನೆ. ಆದಕಾರಣ ತಾವು ದೇಶದ ಹೆಸರನ್ನು ಆದಷ್ಟು ಸಣ್ಣ ಅಕ್ಷರಗಳಲ್ಲಿ ಅಚ್ಚುಮಾಡುತ್ತಿದ್ದುದಾಗಿಯೂ, ಒಮ್ಮೆ ಅದು ತೀರ ಸಣ್ಣದಾದುದರಿಂದ ಅಮೆರಿಕೆಯ ಸುಂಕದವರು ದೊಡ್ಡದು ಮಾಡಿಸಿದುದಾಗಿಯೂ ಮೊರಿಟರು 1986ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಆ ಗ್ರಂಥದ ಹೆಸರೋ ‘ಮೇಡ್ ಇನ್ ಜಪಾನ್’! ಮರೆಮಾಡಿದ ಮಾತೇ ಶಿರೋನಾಮೆಯಾಯಿತು. ಈ ಮಾರ್ಪಾಡು ಜಾಹೀರಾತಿನಿಂದ ಮಾತ್ರ ಆದುದಲ್ಲ. ಅಮೆರಿಕೆಯ ಡೆಮಿಂಗ್ ಎಂಬ ಪಂಡಿತರು 1950ರಲ್ಲಿ ಜಪಾನಿಗೆ ಬಂದು, ತಪ್ಪನ್ನು ಕಡೆಯಲ್ಲಿ ಹುಡುಕದೆ ಕೆಲಸದ ಪ್ರತಿಯೊಂದು ಹಂತದಲ್ಲಿಯೂ ತಡೆಯಬೇಕೆಂದು ಬೋಧಿಸಿದರು. ಅಲ್ಲಿನ ಕಾರ್ಖಾನೆಗಳು ಆ ಪಾಠವನ್ನು ಶ್ರದ್ಧೆಯಿಂದ ಕಲಿತವು. 1979ರಲ್ಲಿ ವಾಕ್‌ಮನ್ ಬಂದಿತು; 1982ರಲ್ಲಿ, ಹಾಲೆಂಡಿನ ಫಿಲಿಪ್ಸ್ ಕಂಪೆನಿಯೊಡನೆ ಕೂಡಿ ರೂಪಿಸಿದ ಕಾಂಪ್ಯಾಕ್ಟ್ ಡಿಸ್ಕು ಬಂದಿತು. ಬರಬರುತ್ತ ಜಪಾನೆಂಬ ಹೆಸರೇ ನಂಬಿಕೆಗೆ ಆಧಾರವಾಯಿತು.

ಹೆಸರು ನಮ್ಮ ತೀರ್ಮಾನವನ್ನು ಎಳೆಯುವುದೆಂಬುದಕ್ಕೆ ಪರೀಕ್ಷೆಯ ಸಾಕ್ಷ್ಯವೂ ಉಂಟು. 1965ರಲ್ಲಿ ರಾಬರ್ಟ್ ಸ್ಕೂಲರ್ ಎಂಬವರು ಗ್ವಾಟೆಮಾಲಾ ದೇಶದ ವಿದ್ಯಾರ್ಥಿಗಳಿಗೆ ಒಂದೇ ಬಗೆಯ ವಸ್ತುವನ್ನು ಬೇರೆ ಬೇರೆ ದೇಶಗಳ ಚೀಟಿ ಅಂಟಿಸಿ ತೋರಿಸಿದಾಗ, ಕೆಲವು ನೆರೆದೇಶಗಳ ಚೀಟಿಯಿದ್ದುದಕ್ಕೆ ಅವರು ಕಡಿಮೆ ಬೆಲೆ ಕಟ್ಟಿದರು. ಕಿವಿಯ ವಿಷಯದಲ್ಲಿಯೂ ಹೀಗೆಯೇ. 1994ರಲ್ಲಿ ಫ್ಲಾಯ್ಡ್ ಟೂಲ್, ಷಾನ್ ಆಲಿವ್ ಎಂಬ ಧ್ವನಿಶಾಸ್ತ್ರಜ್ಞರು ಪ್ರಕಟಿಸಿದ ಪರೀಕ್ಷೆಯಲ್ಲಿ, ಸ್ಪೀಕರುಗಳನ್ನು ಕಣ್ಣಾರೆ ಕಂಡು ಕೇಳಿದವರು ಕೊಟ್ಟ ಅಂಕಗಳು, ಪರದೆಯ ಹಿಂದಿನಿಂದ ಕೇಳಿದಾಗ ಕೊಟ್ಟ ಅಂಕಗಳಿಗಿಂತ ಬೇರೆಯಾಗಿದ್ದವು.

ಹಾಗಾದರೆ ದೇಶದ ಹೆಸರು ನಿರರ್ಥಕವೇ? ಅಲ್ಲ. ಹಲವು ವರುಷಗಳ ಶಿಕ್ಷಣ, ಪರೀಕ್ಷೆ, ಪ್ರಾಮಾಣಿಕತೆಗಳ ನೆನಪು ಅದರಲ್ಲಿ ಸೇರಿರುತ್ತದೆ. ಆದರೆ ಅದು ಸುಳಿವೇ ಹೊರತು ಸಾಕ್ಷಿಯಲ್ಲ. ಈಗಂತೂ ಒಂದು ದೇಶದಲ್ಲಿ ನಕ್ಷೆ, ಇನ್ನೊಂದರಲ್ಲಿ ಬಿಡಿಭಾಗ, ಮತ್ತೊಂದರಲ್ಲಿ ಜೋಡಣೆ. ಚೀಟಿಯ ಮೇಲಿನ ಒಂದೇ ಹೆಸರು ಪೂರ್ಣ ಸತ್ಯವನ್ನು ಹೇಳಲಾರದು.

ಆದುದರಿಂದ ನಾವು ಆ ಎರಡು ಸ್ಪೀಕರುಗಳನ್ನೂ ಪರದೆಯ ಹಿಂದೆ ಇರಿಸಿದೆವು. ಗಟ್ಟಿಯಾಗಿ ನುಡಿಯುವುದೇ ಇಂಪೆಂದು ಕಿವಿ ಮೋಸಹೋಗುವ ಕಾರಣ ಎರಡರ ಶಬ್ದವನ್ನೂ ಸಮನಾಗಿಸಿ, ಒಂದೇ ಕೀರ್ತನೆಯನ್ನು ಕೇಳಿಸಿದೆವು. ಗಾಯನವೃಂದದ 12 ಮಂದಿ ಹುಡುಗಿಯರಲ್ಲಿ 8 ಮಂದಿ ಎರಡನೆಯದನ್ನು ಆರಿಸಿದರು. ಮಾತುಗಳು ಅದರಲ್ಲಿ ಸ್ಪಷ್ಟವಾಗಿವೆಯೆಂದರು. ನಾವೂ ಅದನ್ನೇ ಆರಿಸಿ, ಇದು ಜರ್ಮನಿಯದೇ ಸರಿ ಎಂದು ಮನಸ್ಸಿನಲ್ಲಿ ಹಿಗ್ಗಿದೆವು. ಪರದೆ ಸರಿದಾಗ ಅದು ಚೀನಾದ್ದಾಗಿತ್ತು! ಚೀನಾದವೆಲ್ಲ ಉತ್ತಮವೆಂದು ಇದರಿಂದ ಸಿದ್ಧವಾಗಲಿಲ್ಲ. ನಾವು ಕೇಳುವ ಮೊದಲೇ ತೀರ್ಪು ಕೊಟ್ಟಿದ್ದೆವೆಂಬುದಂತೂ ಸಿದ್ಧವಾಯಿತು.

ನಜರೇತಿನಂಥ ಊರಿನಿಂದ ಒಳ್ಳೆಯದು ಬಂದೀತೇ ಎಂದು ನತಾನಯೇಲನು ಸಂಶಯಪಟ್ಟಾಗ ಫಿಲಿಪ್ಪನು ವಾದಕ್ಕಿಳಿಯದೆ, ಅವನೇ ಬಂದು ಕಾಣುವಂತೆ ಕರೆದುದನ್ನು ನಾವೆಲ್ಲರೂ ಬಲ್ಲೆವು. ವರುಷದ ಮೊದಲನೆಯ ದಿನ, ಹಳ್ಳಿಯಿಂದ ಬಂದ ಹುಡುಗಿಯರು ತಮ್ಮ ಊರಿನ ಹೆಸರನ್ನು ತಗ್ಗಿದ ದನಿಯಲ್ಲಿ, ಮೊರಿಟರ ಸಣ್ಣ ಅಕ್ಷರಗಳಂತೆ, ಹೇಳುವುದನ್ನು ನಾವು ಪ್ರತಿವರುಷವೂ ಕೇಳುತ್ತೇವೆ. ಪ್ರಿಯ ವಿದ್ಯಾರ್ಥಿನಿಯರೇ, ಆ ಹೆಸರನ್ನು ಗಟ್ಟಿಯಾಗಿ ಹೇಳಿರಿ; ಒಳ್ಳೆಯ ಕೆಲಸದಿಂದ ಅದಕ್ಕೆ ಗೌರವವನ್ನು ತನ್ನಿರಿ. ಇತರರ ಊರನ್ನು ಕೇಳಿದೊಡನೆ ತೀರ್ಪು ಕೊಡದೆ, ಮೊದಲು ಅವರ ದನಿಯನ್ನು ಕೇಳಿರಿ.