ಅಲ್ಜಿಯರ್ಸಿನ ಆಲಿಂಗನ

1975ನೆಯ ಇಸವಿಯ ಮಾರ್ಚ್ 6ರಂದು, ತೈಲ ರಫ್ತು ಮಾಡುವ ರಾಷ್ಟ್ರಗಳ ಸಮ್ಮೇಳನಕ್ಕೆಂದು ಅಲ್ಜಿಯರ್ಸ್ ನಗರದಲ್ಲಿ ನೆರೆದಿದ್ದ ಪ್ರತಿನಿಧಿಗಳ ಸಮಕ್ಷಮದಲ್ಲಿ, ಅಲ್ಲಿಯವರೆಗೆ ಬದ್ಧವೈರಿಗಳಾಗಿದ್ದ ಇರಾನಿನ ಷಾ ಮಹಮ್ಮದ್ ರೆಜಾ ಪಹ್ಲವಿಯೂ ಇರಾಕಿನ ಸದ್ದಾಂ ಹುಸೇನರೂ ಪರಸ್ಪರ ಆಲಿಂಗಿಸಿಕೊಂಡರು. ಅಲ್ಜೀರಿಯದ ಅಧ್ಯಕ್ಷ ಬೂಮೆದೀನರ ಮಧ್ಯಸ್ಥಿಕೆಯಿಂದ ಏರ್ಪಟ್ಟ ಆ ಒಡಂಬಡಿಕೆಯಿಂದ ಷತ್ತ್ ಅಲ್ ಅರಬ್ ನದಿಯ ಆಳವಾದ ಹರಿವಿನ ಮಧ್ಯರೇಖೆಯೇ ಎರಡು ದೇಶಗಳ ಗಡಿಯೆಂದು ನಿಶ್ಚಿತವಾಯಿತು. ಷಾ ಬಯಸಿದ್ದುದು ಇದನ್ನೇ. ಸದ್ದಾಮರು ಬಯಸಿದ್ದುದು ಮತ್ತೊಂದನ್ನು: ಇರಾನಿನ ಗಡಿಯ ಮೂಲಕ ಬಂಡುಕೋರರಿಗೆ ಹರಿದುಬರುತ್ತಿದ್ದ ನೆರವು ನಿಲ್ಲಬೇಕು. ಅದೂ ದೊರಕಿತು. ಉತ್ತರ ಇರಾಕಿನ ಪರ್ವತಗಳಲ್ಲಿ ಮುಲ್ಲಾ ಮುಸ್ತಫಾ ಬರ್ಜಾನಿಯವರ ನೇತೃತ್ವದಲ್ಲಿ ಕಾದಾಡುತ್ತಿದ್ದ ಕುರ್ದರನ್ನು ಈ ವಿಷಯವಾಗಿ ಯಾರೂ ಕೇಳಲಿಲ್ಲ.

ಇಪ್ಪತ್ತನೆಯ ಶತಮಾನದ ಮಹಾಶಕ್ತಿಗಳು ಬಂಡಾಯಗಾರರೊಡನೆ ಮಾಡಿಕೊಂಡ ಮೈತ್ರಿಗಳ ಸ್ವಭಾವವನ್ನು ತಿಳಿಯಬೇಕೆಂಬವರಿಗೆ ಬರ್ಜಾನಿಯವರ ಜೀವನಕ್ಕಿಂತ ಮಿಗಿಲಾದ ಪಾಠ ಬೇರೆ ದೊರೆಯಲಾರದು. 1946ರ ಜನವರಿಯಲ್ಲಿ ಸೋವಿಯತ್ ಸೇನೆಯ ನೆರಳಿನಲ್ಲಿ ಇರಾನಿನ ಮಹಾಬಾದಿನಲ್ಲಿ ಕುರ್ದ್ ಗಣರಾಜ್ಯವೊಂದು ಉದಯಿಸಿದಾಗ ಅದರ ಸೇನಾಬಲವಾಗಿ ನಿಂತವರು ಅವರು. ತೈಲದ ಒಪ್ಪಂದದ ಆಸೆಗೆ ಮಾಸ್ಕೋ ತನ್ನ ಸೇನೆಯನ್ನು ಹಿಂತೆಗೆಯಿತು. ವರ್ಷ ತುಂಬುವುದರೊಳಗೆ ಗಣರಾಜ್ಯ ಅಳಿಯಿತು. ಅದರ ಅಧ್ಯಕ್ಷ ಕಾಜಿ ಮುಹಮ್ಮದರನ್ನು 1947ರ ಮಾರ್ಚ್ 31ರಂದು ಗಲ್ಲಿಗೇರಿಸಲಾಯಿತು. ಸೋವಿಯತ್ ನಾಡಿಗೆ ಓಡಿಹೋಗಿ ಹನ್ನೊಂದು ವರ್ಷ ಆಶ್ರಯ ಪಡೆದು ಇರಾಕಿಗೆ ಮರಳಿದ ಬರ್ಜಾನಿಯವರ ಮೇಲೆಯೇ, ಮುಂದೆ 1972ರ ಏಪ್ರಿಲಿನಲ್ಲಿ ಮಾಸ್ಕೋ ಮತ್ತು ಬಾಗ್ದಾದುಗಳ ನಡುವೆ ಮೈತ್ರಿಯ ಒಪ್ಪಂದವಾದ ಬಳಿಕ, ಸೋವಿಯತ್ ಆಯುಧಗಳನ್ನು ಹಿಡಿದ ಇರಾಕೀ ಸೈನ್ಯ ಏರಿಬಂದಿತು.

ಅದೇ ವರ್ಷ ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ನರೂ ಅವರ ಭದ್ರತಾ ಸಲಹೆಗಾರ ಕಿಸಿಂಜರರೂ ಟೆಹರಾನಿಗೆ ಬಂದಿಳಿದಾಗ ಷಾ ಅವರು ಕುರ್ದರಿಗೆ ಗುಪ್ತವಾಗಿ ನೆರವಾಗಬೇಕೆಂದು ಕೇಳಿಕೊಂಡರು. ಅಮೆರಿಕ ಒಪ್ಪಿತು. ಅಲ್ಲಿಂದ ಮುಂದೆ ಒಟ್ಟಾರೆ ಸುಮಾರು 1 ಕೋಟಿ 60 ಲಕ್ಷ ಡಾಲರುಗಳಷ್ಟು ನೆರವು ಇರಾನಿನ ಮಾರ್ಗವಾಗಿ ಸಾಗಿತು. ಷಾ ಅವರನ್ನು ನಂಬದಿದ್ದ ಬರ್ಜಾನಿಯವರು ಅಮೆರಿಕವನ್ನು ಮಾತ್ರ ಮನಸಾರೆ ನಂಬಿದರು. ಕಿಸಿಂಜರರಿಗೆ ರತ್ನಗಂಬಳಿಗಳನ್ನೂ, ಅವರ ವಿವಾಹವಾದಾಗ ವಧುವಿಗೆ ಮುತ್ತಿನ ಹಾರವನ್ನೂ ಕಾಣಿಕೆಯಾಗಿ ಕಳುಹಿದರು. ಆದರೆ 1976ರಲ್ಲಿ ಪತ್ರಿಕೆಗಳಿಗೆ ಸೋರಿಬಂದ ಅಮೆರಿಕದ ಸಂಸತ್ತಿನ ಪೈಕ್ ಸಮಿತಿಯ ವರದಿ ಹೊರಗೆಡಹಿದುದೇನೆಂದರೆ, ಕುರ್ದರು ಗೆಲ್ಲಬೇಕೆಂಬ ಅಪೇಕ್ಷೆ ಷಾ ಅವರಿಗಾಗಲಿ ವಾಷಿಂಗ್ಟನ್ನಿಗಾಗಲಿ ಎಂದೂ ಇರಲಿಲ್ಲ. ಇರಾಕಿನ ಶಕ್ತಿ ಸೋರುತ್ತಿರುವಷ್ಟು ಕಾಲ ಕದನ ನಡೆದಿರಬೇಕು, ಅಷ್ಟೇ. ಕುಲುಮೆಯ ಬೆಂಕಿಯನ್ನು ಆರಗೊಡದೆಯೂ ಉರಿಯಗೊಡದೆಯೂ ಇಡುವ ತಿದಿಯ ಹಾಗೆ ನೆರವನ್ನು ಅಳತೆಮಾಡಿ ಒದಗಿಸಲಾಯಿತೆಂಬುದನ್ನು ಕುರ್ದರಿಗೆ ಯಾರೂ ತಿಳಿಸಲಿಲ್ಲ.

ಪರ್ವತಗಳ ವಿನಾ ಕುರ್ದರಿಗೆ ಮಿತ್ರರಿಲ್ಲವೆಂಬ ಮಾತು ಲೋಕಪ್ರಸಿದ್ಧವಾಗಿದೆ. ಆದರೆ ಆ ನೆರವು ಪರ್ವತಗಳ ಆಸರೆಯನ್ನೇ ಕೆಡಿಸಿತೆಂದು ನನಗೆ ತೋರುತ್ತದೆ. ಹೊಂಚುಹಾಕಿ ಹೊಡೆದು ಮರೆಯಾಗುತ್ತಿದ್ದ ಪೇಶ್‌ಮರ್ಗಾ ಎಂಬ ಕುರ್ದ್ ಯೋಧರು, 1974ರ ವೇಳೆಗೆ ಇರಾನೀ ಫಿರಂಗಿಗಳ ಬೆಂಬಲದಲ್ಲಿ ನೆಲೆಗಳನ್ನು ಹಿಡಿದು ನಿಂತು ಕಾದುವ ಸೈನ್ಯವಾಗಿ ಮಾರ್ಪಟ್ಟಿದ್ದರು. ಅಲ್ಜಿಯರ್ಸಿನ ಆಲಿಂಗನವಾದ ಕೂಡಲೆ ಫಿರಂಗಿಗಳು ಹಿಂದೆ ಸರಿದವು. ಬರ್ಜಾನಿಯವರು ಮಾರ್ಚ್ 10ರಂದು ಕಿಸಿಂಜರರಿಗೆ ಬರೆದ ಮೊರೆಯ ಪತ್ರಕ್ಕೆ ಉತ್ತರ ಬರಲಿಲ್ಲ. ಕೆಲವೇ ವಾರಗಳಲ್ಲಿ ಹೋರಾಟ ಕುಸಿದು, ಲಕ್ಷಕ್ಕೂ ಮೀರಿದ ಜನ, ಹೆಂಗಸರು ಮಕ್ಕಳೆನ್ನದೆ, ಇರಾನಿನೊಳಕ್ಕೆ ಹರಿದರು. ಬರ್ಜಾನಿಯವರು 1979ರ ಮಾರ್ಚ್ 1ರಂದು ವಾಷಿಂಗ್ಟನ್ನಿನಲ್ಲಿ ಪರದೇಶಿಯಾಗಿ ತೀರಿಕೊಂಡರು. ಇಷ್ಟೆಲ್ಲಕ್ಕೂ ಕಾರಣವಾದ ಒಡಂಬಡಿಕೆ ಬಾಳಿದುದು ಐದೂವರೆ ವರ್ಷ ಮಾತ್ರ. 1980ರ ಸೆಪ್ಟೆಂಬರಿನಲ್ಲಿ ಸದ್ದಾಮರೇ ಅದನ್ನು ರದ್ದುಗೊಳಿಸಿ ಇರಾನಿನ ಮೇಲೆ ದಂಡೆತ್ತಿ ಹೋದರು.

ಬಂಡಾಯಗಾರರನ್ನು ಕೇವಲ ವಂಚಿತರೆಂದು ಚಿತ್ರಿಸುವುದೂ ಸತ್ಯವಾಗದು. ಹಲಬ್ಜಾ ಪಟ್ಟಣದ ಮೇಲೆ ವಿಷಾನಿಲ ಸುರಿದು ಸಹಸ್ರಾರು ಕುರ್ದರನ್ನು ಕೊಂದ ಸದ್ದಾಮರ ಸೇನೆಯನ್ನು, ಆ ಘಟನೆ ನಡೆದು ಎಂಟೇ ವರ್ಷಗಳಾದ ಮೇಲೆ, 1996ರಲ್ಲಿ, ಬರ್ಜಾನಿಯವರ ಮಗ ಮಸೂದರೇ ತಮ್ಮ ಕುರ್ದ್ ಪ್ರತಿಸ್ಪರ್ಧಿ ತಾಲಬಾನಿಯವರ ಪಕ್ಷವನ್ನು ಎರ್ಬಿಲ್ ನಗರದಿಂದ ಹೊರದೂಡಲು ಕರೆದು ತಂದರು. ನಮ್ಮ ದೇಶವೂ ಈ ವಿಷಯದಲ್ಲಿ ಕೈತೊಳೆದುಕೊಳ್ಳುವಂತಿಲ್ಲ: ಶ್ರೀಲಂಕಾದ ತಮಿಳು ಉಗ್ರರಿಗೆ ಭಾರತದ ನೆಲದಲ್ಲಿ ಶಸ್ತ್ರಾಭ್ಯಾಸ ದೊರೆಯಿತು, 1987ರ ಬಳಿಕ ಅವರೊಡನೆಯೇ ಕಾದಿ ಸಾವಿರಕ್ಕೂ ಮಿಕ್ಕ ನಮ್ಮ ಯೋಧರು ಮಡಿದರು.

ಸಿರಿಯದಲ್ಲಿ ಹಳೆಯ ಕಥೆಯೇ ಹೊಸ ವೇಷ ತೊಟ್ಟಿತು. ಅಮೆರಿಕದ ವಿಮಾನಬಲದೊಡನೆ ಕುರ್ದ್ ಸೇನೆಗಳು 2015ರಲ್ಲಿ ಕೊಬಾನಿಯನ್ನು ಉಳಿಸಿಕೊಂಡವು, 2017ರ ಅಕ್ಟೋಬರಿನಲ್ಲಿ ರಕ್ಕಾ ನಗರವನ್ನು ಐಸಿಸ್‌ನಿಂದ ಬಿಡಿಸಿದವು. ಈ ಸಮರದಲ್ಲಿ ಅವರ ಪಡೆಗಳು ತೆತ್ತ ಪ್ರಾಣಗಳು ಅವರದೇ ಲೆಕ್ಕದಂತೆ ಸುಮಾರು 11,000. ಆದರೆ ಯೂಫ್ರೆಟಿಸ್ ನದಿಯ ಪಶ್ಚಿಮಕ್ಕೆ, ರಷ್ಯನ್ನರ ಪ್ರಭಾವದಲ್ಲಿದ್ದ ಆಫ್ರಿನಿನ ಮೇಲೆ 2018ರಲ್ಲಿ ತುರ್ಕಿ ದಾಳಿಯಿಟ್ಟಾಗ ರಷ್ಯದ ಸೈನಿಕರು ಬದಿಗೆ ಸರಿದರು. 2019ರ ಅಕ್ಟೋಬರಿನಲ್ಲಿ ಪೂರ್ವದ ಗಡಿಯಿಂದ ಅಮೆರಿಕದ ಸೈನಿಕರೂ ಸರಿದರು. ಆಗ ಕುರ್ದರು ಮೊರೆಹೊಕ್ಕುದು ಡಮಾಸ್ಕಸ್ಸನ್ನು, ಅದರ ಬೆನ್ನಿಗಿದ್ದ ಅದೇ ರಷ್ಯವನ್ನು.

ರಾಜ್ಯಗಳು ಸ್ವಾರ್ಥವನ್ನು ತ್ಯಜಿಸಬೇಕೆಂದು ನಾನು ಕೇಳುತ್ತಿಲ್ಲ. ಅದು ಆಗದ ಮಾತು. ಆದರೆ ಮೂರು ವರ್ಷ ಶಸ್ತ್ರ ಒದಗಿಸಿದ ಅಮೆರಿಕ, 1975ರಲ್ಲಿ ಗಡಿ ದಾಟಿ ಬಂದ ನಿರಾಶ್ರಿತರ ಮೊರೆಗೆ ಮುಖ ತಿರುಗಿಸಿತೆಂದು ಅದೇ ಪೈಕ್ ವರದಿ ದಾಖಲಿಸಿದೆ. ಪರರ ಯುವಕರ ಕೈಗೆ ಬಂದೂಕನ್ನು ಕೊಡುವ ಸರ್ಕಾರ, ಸೋಲಿನ ದಿನ ಅವರ ಕುಟುಂಬಗಳಿಗೆ ಆಶ್ರಯ ಕೊಡುವ ಹೊಣೆಯನ್ನೂ ಬಂದೂಕು ಕೊಟ್ಟ ದಿನವೇ ಬರೆದುಕೊಡಬೇಕು. ಇಂಥ ನೆರವಿಗೆ ಸಮ್ಮತಿಸುವ ಪ್ರತಿಯೊಂದು ಸಂಸತ್ತೂ, ಭಾರತದ ಸಂಸತ್ತೂ ಸೇರಿ, ಈ ಪತ್ರವನ್ನು ಮೊದಲು ಕೇಳಿ ಪಡೆಯಬೇಕು.